ಲಿಫ್ಟು ನಿಲ್ಲುವುದನ್ನು ನಿಲ್ಲಿಸಿದ್ದು

ಎಲ್ಲಿಂದ ಶುರು ಮಾಡಲಿ ಎಂದು ಅತ್ತಿಗೆಯನ್ನು ಕೇಳಿದ್ದೇ ತಪ್ಪಾಯಿತು.

"ಸೊನ್ನೆಯಿಂದ," ಎಂದರು ಬಟಾಣಿ ಸುಲಿಯುತ್ತ. "ಮಹಡಿ ನಂಬರ್ ಇರ್ಬೇಕಾದ ಜಾಗದಲ್ಲಿ ಸೊನ್ನೆ ಬಂತು, ಲಿಫ್ಟು ನಿಂತಿತು. ಇಷ್ಟೇ ಕಣೇ ಕಥೆ."

ಇಷ್ಟೇ ಕಥೆಯಾದರೆ ಓದುಗರಾದ ನಿಮಗೆ ನಾನು ಯಾಕೆ ಬೇಕು? ಹಟಕ್ಕೆ ಬಿದ್ದು ನನ್ನದೇ ರೀತಿಯಲ್ಲಿ ಶುರು ಮಾಡಿ ನೋಡಿದೆ.

ಮೊದಲ ಕರಡು: 'ಅದೊಂದು ಕಗ್ಗತ್ತಲ ರಾತ್ರಿ. ಆಸ್ಪತ್ರೆಯ ಲಿಫ್ಟು ಎರಡು ಮಹಡಿಗಳ ನಡುವೆ...' ಹರಿದು ಹಾಕಿದೆ. ಲಿಫ್ಟು ನಿಂತದ್ದು ಹಾಡಹಗಲಲ್ಲಿ, ವಾರ್ಡುಗಳ ನೆಲ ಒರೆಸಿ ಮುಗಿಸುವ ಹೊತ್ತಿಗೆ.

ಎರಡನೇ ಕರಡು: 'ಬದುಕೆಂಬುದೂ ಒಂದು ಲಿಫ್ಟು.' ಇದನ್ನು ಓದಿದ ಅತ್ತಿಗೆ ಒಂದು ಕಾಳು ತೆಗೆದು ನನ್ನ ಹಣೆಗೆ ಗುರಿಯಿಟ್ಟು ಎಸೆದರು.

ಮೂರನೆಯದು ನಿಮ್ಮ ಕೈಯಲ್ಲಿದೆ. ಇದೂ ಅಷ್ಟಕ್ಕಷ್ಟೇ ಎಂದು ಗೊತ್ತು. ಆದರೆ ನನಗೆ ಸುಸ್ತಾಗಿದೆ, ಅತ್ತಿಗೆಗೆ ನನಗಿಂತ ಸುಸ್ತಾಗಿದೆ. ನಾಲ್ಕನೆಯದನ್ನು ಬರೆಯುವವರು ಯಾರು?

೧

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಲಿಫ್ಟು ತಯಾರಿಸುವ ಕಂಪನಿಯೊಂದರಲ್ಲಿ ಕೆಲಸ. ಪ್ರತಿ ಲಿಫ್ಟಿಗೂ ಒಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಬಾಗಿಲು ತೆಗೆಯುವುದಕ್ಕೊಂದು ಪ್ರೋಗ್ರಾಂ, ಗುಂಡಿ ಒತ್ತಿದ್ದನ್ನು ಕೇಳಿಸಿಕೊಳ್ಳುವುದಕ್ಕೊಂದು, ನಂಬರ್ ತೋರಿಸುವುದಕ್ಕೊಂದು. ಇವೆಲ್ಲದರ ಮೇಲೆ ದೊಡ್ಡ ಸಂಸಾರದ ಯಜಮಾನಿಯ ಹಾಗೆ ಕೂತಿರುವುದು ಕರ್ನಲ್ ಎಂಬ ಮುಖ್ಯ ಪ್ರೋಗ್ರಾಂ. ಯಾರ ಸರದಿ ಯಾವಾಗ, ಯಾರಿಗೆ ಎಷ್ಟು ಜಾಗ, ಎಲ್ಲ ಅದರದೇ ಉಸ್ತುವಾರಿ. ಈ ಯಜಮಾನಿಗೆ ಹುಷಾರು ತಪ್ಪಿದರೆ ನೋಡಿಕೊಳ್ಳುವವರು ಅತ್ತಿಗೆ.

ನಾನು ಅದೇ ಮನೆಯ ನಡುಕೋಣೆಯಲ್ಲಿರುವ ನಾದಿನಿ. ಮಾತ್ರೆ ಡಬ್ಬಿಗಳೊಳಗೆ ಮಡಚಿಟ್ಟ ಚೀಟಿಗಳನ್ನು ಅನುವಾದಿಸುವುದು ನನ್ನ ಹೊಟ್ಟೆಪಾಡು. 'ತಲೆಸುತ್ತು, ಬಾಯಿ ಒಣಗುವುದು, ಅಪರೂಪಕ್ಕೆ ಭ್ರಮೆ.' ಉಳಿದ ಹೊತ್ತಿನಲ್ಲಿ ಕಥೆ ಬರೆಯುತ್ತೇನೆ. ಅಡ್ಡಪರಿಣಾಮಗಳು ಅವೇ.

ಈಗ ನಡೆದದ್ದು. ಒಂದು ಆಸ್ಪತ್ರೆ. ಸ್ಟ್ರೆಚರ್ ಹಿಡಿಸುವ ಲಿಫ್ಟು ಅಲ್ಲಿ ಇದ್ದದ್ದೇ ಒಂದು. ಆಪರೇಷನ್ ಮುಗಿಸಿಕೊಂಡ ಮುದುಕರೊಬ್ಬರನ್ನು ಮಲಗಿಸಿಕೊಂಡು ಒಬ್ಬ ನರ್ಸ್ ಅದರಲ್ಲಿ ಮೇಲೆ ಹೋಗುತ್ತಿದ್ದಾಗ, ಎರಡು ಮಹಡಿಗಳ ನಡುವೆ ಲಿಫ್ಟು ನಿಂತಿತು. ಹಿಂದೆಯೂ ಒಮ್ಮೆ ನಿಂತಿತ್ತಂತೆ, ಆಗ ಒಳಗಿದ್ದದ್ದು ಊಟದ ಗಾಡಿ ಮಾತ್ರ. ಊಟದ ಗಾಡಿಯ ಸಂಕಟ ಯಾರಿಗೆ ಬೇಕು? ಈ ಸಲ ಮೆಕ್ಯಾನಿಕ್ ಬಂದು, ಮೇಲಿನ ಕೋಣೆಯ ಚಕ್ರವನ್ನು ಕೈಯಿಂದ ತಿರುಗಿಸಿ, ಇಬ್ಬರನ್ನೂ ಇಂಚಿಂಚಾಗಿ ಕೆಳಗಿಳಿಸಿದ. ಮುದುಕರಿಗೆ ಏನೂ ಆಗಲಿಲ್ಲ. (ಸಾಯಿಸಿದ್ದರೆ ಕಥೆಗೆ ತೂಕ ಬರುತ್ತಿತ್ತು ಎಂದು ನನಗೂ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.) ಅಂದಿನಿಂದ ಆಸ್ಪತ್ರೆ ಆ ಲಿಫ್ಟಿಗೆ ಬೀಗ ಹಾಕಿತು. ರೋಗಿಗಳನ್ನು ಮೆಟ್ಟಿಲ ಮೇಲೆ ಹೊತ್ತು ಸಾಗಿಸತೊಡಗಿದರು.

ದೂರು ಬಂದು ಬಿದ್ದದ್ದು ಅತ್ತಿಗೆಯ ಮೇಜಿನ ಮೇಲೆ.

೨

ಲಿಫ್ಟು ಮುಂದೆ ಎಲ್ಲಿ ನಿಲ್ಲಬೇಕು ಎಂಬ ನಂಬರನ್ನು ಕಂಪ್ಯೂಟರ್ ತನ್ನ ನೆನಪಿನ ಒಂದು ಮೂಲೆಯಲ್ಲಿ ಇಟ್ಟುಕೊಂಡಿರುತ್ತದೆ. ಐದನೇ ಮಹಡಿಗೆ ಹೋಗುತ್ತಿರುವಾಗ, ನಡುದಾರಿಯಲ್ಲಿ, ಆ ಐದನ್ನು ಯಾರೋ ಒರೆಸಿ ಸೊನ್ನೆ ಬರೆದಿದ್ದರು. ಸೊನ್ನೆ ಎಂಬ ಮಹಡಿಯೇ ಅದರ ಲೆಕ್ಕದಲ್ಲಿಲ್ಲ. ಗೊಂದಲವಾದರೆ ಇದ್ದಲ್ಲೇ ನಿಲ್ಲು ಎಂಬುದು ಲಿಫ್ಟುಗಳಿಗೆ ಹೇಳಿಕೊಟ್ಟಿರುವ ಮೊದಲ ಪಾಠ. ಅದು ನಿಂತಿತು.

"ಯಾರೋ ಅಂದ್ರೆ ಯಾರು?" ಎಂದು ಕೇಳಿದೆ.

"ಅದೇ ಗೊತ್ತಿಲ್ವಲ್ಲ. ಈ ಪುಟ್ಟ ಕಂಪ್ಯೂಟರಿನಲ್ಲಿ ಒಳಗೋಡೆಗಳಿಲ್ಲ. ಎಲ್ಲ ಪ್ರೋಗ್ರಾಮುಗಳೂ ಒಂದೇ ಹಜಾರದಲ್ಲಿ ಚಾಪೆ ಹಾಸ್ಕೊಂಡು ಮಲಗಿದಾವೆ ಅನ್ಕೋ. ಒಬ್ಬನ ಕಾಲು ಇನ್ನೊಬ್ಬನ ಚೊಂಬಿಗೆ ತಾಗುತ್ತೆ. ಬೆಳಿಗ್ಗೆ ಎದ್ದು ನೋಡಿದ್ರೆ ನೀರು ಚೆಲ್ಲಿದೆ. ಕೇಳಿದ್ರೆ ನಾನಲ್ಲ ಅಂತಾರೆ."

ಹಾಗೇ ಆಯಿತು. ಬಾಗಿಲಿನ ಪ್ರೋಗ್ರಾಂ ಬರೆದವರು ನಾವಲ್ಲ ಎಂದರು. ಗುಂಡಿಯವರು ನಾವಲ್ಲ ಎಂದರು. ಹಾಲು ಕುಡಿದ ಬೆಕ್ಕೂ ಸೇರಿ ಎಲ್ಲರೂ ಮೂತಿ ಒರೆಸಿಕೊಂಡು ಕೂತಿದ್ದರು.

ಇಂಥ ಕಳ್ಳನನ್ನು ಹಿಡಿಯಲು ಕಂಪ್ಯೂಟರಿನ ಚಿಪ್ಪಿನೊಳಗೇ ಒಂದು ಉಪಾಯವಿದೆ. ಅದರ ಹೆಸರು ಹಾರ್ಡ್‌ವೇರ್ ಬ್ರೇಕ್‌ಪಾಯಿಂಟ್. ಅತ್ತಿಗೆಯ ಬಾಯಲ್ಲಿ ಇವು 'ಕಾವಲುಗಾರರು'. ನೆನಪಿನ ಇಂಥ ಜಾಗದ ಮುಂದೆ ನಿಲ್ಲು ಎಂದರೆ ನಿಲ್ಲುತ್ತಾರೆ. ಯಾರೇ ಅಲ್ಲಿ ಬರೆಯಲು ಬರಲಿ, ಚಿಪ್ಪು ಮಿಕ್ಕ ಕೆಲಸ ಬಿಟ್ಟು 'ಹಿಡಿದೆ' ಎಂದು ಕರ್ನಲ್ಲಿಗೆ ಕೂಗು ಹಾಕುತ್ತದೆ.

"ಹಾಗಾದ್ರೆ ಎಲ್ಲ ಕಡೆಗೂ ಒಬ್ಬೊಬ್ಬನ್ನ ನಿಲ್ಲಿಸಿಬಿಡಿ," ಎಂದೆ.

"ಇರೋದೇ ನಾಲ್ಕು ಜನ. ಅದೂ ನಮ್ಮ ಚಿಪ್ಪು ಹೊಸದು. ಕಾವಲುಗಾರರು ಇದಾರೆ, ಅವರು ಕೂಗಿದ್ರೆ ಏನು ಮಾಡ್ಬೇಕು ಅಂತ ನಮ್ಮ ಕರ್ನಲ್ಲಿಗೆ ಯಾರೂ ಹೇಳಿಕೊಟ್ಟಿಲ್ಲ. ಅದನ್ನ ನಾನು ಬರೀಬೇಕು."

ಹೀಗೆ, ಕಳ್ಳನನ್ನು ಹಿಡಿಯುವ ಮೊದಲು ಪೊಲೀಸ್ ಠಾಣೆ ಕಟ್ಟುವ ಕೆಲಸ ಅವರ ತಲೆಗೆ ಬಂತು.

೨ (ಮತ್ತೆ, ಏಕೆಂದರೆ ಹಿಂದಿನದರಲ್ಲಿ ಬರೀ ಮಾತೇ ಆಯಿತು)

ಅತ್ತಿಗೆಯ ಕಂಪನಿಯ ಹಿಂದುಗಡೆ ಕಿಟಕಿಗಳೇ ಇಲ್ಲದ ಒಂದು ಎತ್ತರದ ಗೋಪುರವಿದೆ. ಅದರಲ್ಲಿ ಯಾರೂ ವಾಸವಿಲ್ಲ. ಲಿಫ್ಟುಗಳು ಮಾತ್ರ ದಿನವಿಡೀ ಹತ್ತಿ ಇಳಿಯುತ್ತವೆ, ಜನರ ಬದಲು ಮರಳಿನ ಚೀಲಗಳನ್ನು ಹೊತ್ತುಕೊಂಡು. ಚೀಲಗಳನ್ನು ತುಂಬಿ ಇಳಿಸುವವನನ್ನು ಎಲ್ಲರೂ ಚೀಲಪ್ಪ ಎಂದೇ ಕರೆಯುವುದು. ಅತ್ತಿಗೆ ಗೋಪುರದ ಬುಡದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಆಸ್ಪತ್ರೆಯದ್ದೇ ಪ್ರೋಗ್ರಾಮುಗಳನ್ನು ತುಂಬಿದ ಒಂದು ಲಿಫ್ಟಿನ ಕಂಪ್ಯೂಟರ್ ಪೆಟ್ಟಿಗೆಗೆ ಉದ್ದದ ವೈರು ಚುಚ್ಚಿ ಕೂತರು. ದಿನವಿಡೀ ಓಡುವ ಇದು ಆಸ್ಪತ್ರೆಯದಕ್ಕಿಂತ ಹೆಚ್ಚು ಸಲ ನಡುವೆ ನಿಲ್ಲುತ್ತಿತ್ತು.

ಮೊದಲ ದಿನ ಒಬ್ಬ ಕಾವಲುಗಾರನನ್ನು ಆ ನಂಬರಿನ ಮುಂದೆ ನಿಲ್ಲಿಸಿದರು. ಚೀಲಪ್ಪ ಐದನೇ ಮಹಡಿಯ ಗುಂಡಿ ಒತ್ತಿದ. ಲಿಫ್ಟು ಮಿಸುಕಾಡಲಿಲ್ಲ. ಬಾಗಿಲು ಅರ್ಧ ಮುಚ್ಚಿ ನಿಂತಿತು. ನಂಬರ್ ತೋರಿಸುವ ದೀಪವೂ ಸತ್ತಿತು.

"ಏನಮ್ಮಾ, ಮೊದಲು ಆಗಾಗ ನಿಲ್ತಿತ್ತು," ಎಂದ ಚೀಲಪ್ಪ. "ಈಗ ಖಾಯಮ್ಮಾಗಿ ನಿಲ್ಲಿಸಿಬಿಟ್ರಾ?"

ಆದದ್ದೇನೆಂದರೆ (ಇದನ್ನು ಅತ್ತಿಗೆ ಮೇಜಿನ ಮೇಲೆ ಎರಡು ಲೋಟ, ಒಂದು ಚಮಚ ಇಟ್ಟು ತೋರಿಸಿದರು) ಗುಂಡಿಯ ಪ್ರೋಗ್ರಾಂ ನ್ಯಾಯವಾಗಿಯೇ 'ಐದು' ಬರೆಯಲು ಹೊಸ್ತಿಲಿಗೆ ಕಾಲಿಟ್ಟಿತು. ಕಾವಲುಗಾರ ತಡೆದ. ಕರ್ನಲ್ ಬಂದು ಹೆಸರು ಕೇಳಿ, ಸರಿ ಹೋಗಪ್ಪಾ ಎಂದಿತು. ಹೋಗಬೇಕಾದರೆ ಮತ್ತೆ ಅದೇ ಹೊಸ್ತಿಲು ದಾಟಬೇಕು. ಕಾಲಿಟ್ಟ ಕೂಡಲೇ ಕಾವಲುಗಾರ ಮತ್ತೆ ತಡೆದ. ಕರ್ನಲ್ ಮತ್ತೆ ಬಂತು. ಹೋಗಪ್ಪಾ. ತಡೆ. ಹೋಗಪ್ಪಾ. ತಡೆ. ಸೆಕೆಂಡಿಗೆ ಲಕ್ಷ ಸಲ ಇದೇ ಆಗುತ್ತಿದ್ದರೆ, ಬಾಗಿಲು ಮುಚ್ಚುವುದಕ್ಕೆ ಯಾರಿಗೆ ಪುರುಸೊತ್ತು?

"ಕಾವಲುಗಾರನಿಗೆ ಬುದ್ಧಿ ಇಲ್ವಾ?" ಎಂದೆ.

"ಇಲ್ಲ. ಇರಬಾರದು ಕೂಡ. ಬುದ್ಧಿ ಕರ್ನಲ್ಲಿಗೆ ಇರ್ಬೇಕು. ಹಿಡಿದ ಮೇಲೆ ಅವನಿಗೆ, ಒಂದೇ ಒಂದು ಹೆಜ್ಜೆ ಹೊತ್ತು ಕಣ್ಣು ಮುಚ್ಕೊಳ್ಳಪ್ಪಾ ಅನ್ಬೇಕು. ಒಳಗೆ ಹೋಗೋನು ಒಂದೇ ಹೆಜ್ಜೆ ಇಡ್ಬೇಕು, ಇಟ್ಟ ತಕ್ಷಣ ಅವನ ಕಾಲರ್ ಹಿಡ್ಕೋಬೇಕು. ಏನು ಬರೆದ ಅಂತ ನೋಡ್ಬೇಕು. ಸರಿಯಿದ್ರೆ ಕಾವಲುಗಾರನ ಕಣ್ಣು ತೆರೆಸಿ, ಇವನನ್ನ ಬಿಟ್ಟುಬಿಡೋದು. ಸೊನ್ನೆ ಬರೆದಿದ್ರೆ ಜುಟ್ಟು ಹಿಡ್ಕೊಳ್ಳೋದು. ಆ ಒಂದು ಹೆಜ್ಜೆ ಮುಗಿಯೋವರೆಗೆ ಬೇರೆ ಯಾರೂ ನುಗ್ಗಬಾರದು."

ಕೇಳಲು ಸುಲಭ. ಇದನ್ನು ಕರ್ನಲ್ಲಿಗೆ ಒಗ್ಗಿಸುವಷ್ಟರಲ್ಲಿ ಅತ್ತಿಗೆ ಸೊರಗಿದರು. ಕೆಲಸ ಮುಗಿಸಿ ಬಂದು ಚಪ್ಪಲಿ ಬಿಡುವ ಜಾಗದಲ್ಲೇ ಸ್ಟೂಲಿನ ಮೇಲೆ ಕೂತುಬಿಡುತ್ತಿದ್ದರು. ಒಮ್ಮೆ ಅಣ್ಣ ಕಾಫಿ ತಂದು ಕೊಟ್ಟರೆ, "ಇರಿ, ಮೊದಲು ಹಿಂದಿನ ಲೋಟ ಎಲ್ಲಿಟ್ಟಿದೀನಿ ನೆನಪಾಗ್ಲಿ," ಎಂದರು. ಹಿಂದಿನ ಲೋಟ ಅವರ ಕೈಯಲ್ಲೇ ಇತ್ತು.

ಕಡೆಗೊಂದು ಮಧ್ಯಾಹ್ನ ಗುಂಡಿ ಒತ್ತಿದಾಗ ಲಿಫ್ಟು ಹೋಯಿತು. ಕಾವಲುಗಾರ ತಡೆದ, ಕಣ್ಣು ಮುಚ್ಚಿದ, ತೆಗೆದ. ಐದನೇ ಮಹಡಿಯಲ್ಲಿ ಮರಳಿನ ಚೀಲಗಳು ಸುಖವಾಗಿ ಇಳಿದವು. ಚೀಲಪ್ಪ ಮೇಲಿನಿಂದ ಚಪ್ಪಾಳೆ ತಟ್ಟಿದ್ದು ಗೋಪುರದ ಉದ್ದಕ್ಕೂ ಕೇಳಿಸಿತಂತೆ.

೪

(ಮೂರನೆಯ ಭಾಗವನ್ನು ಅತ್ತಿಗೆ ತೆಗೆಸಿದರು. ಅದರಲ್ಲಿ ಅಣ್ಣನಿಗೆ ಒಂದು ಗುಟ್ಟಿನ ಜೂಜಿನ ಚಟ ಅಂಟಿಸಿದ್ದೆ. ಹೆಂಡತಿ ನೋಡುತ್ತಿದ್ದಾಗ ಆಡುವುದಿಲ್ಲ, ಕಣ್ಣು ತಪ್ಪಿದರೆ ಆಡುತ್ತಾನೆ, ಹೀಗೆ. ಯಾಕೆ ಎಂದು ಇನ್ನೇನು ನಿಮಗೇ ಗೊತ್ತಾಗುತ್ತದೆ. ಓದಿದ ಅತ್ತಿಗೆ ಕೆಂಡವಾದರು: "ಕನ್ನಡಕದ ಅಂಗಡೀಲಿ ಬೆಳಿಗ್ಗೆಯಿಂದ ಸಂಜೆವರೆಗೆ ಈ ಅಕ್ಷರ ಕಾಣುತ್ತಾ, ಆ ಅಕ್ಷರ ಕಾಣುತ್ತಾ ಅಂತ ಕೇಳಿ ಕೇಳಿ ಬರ್ತಾರೆ ಪಾಪ. ಅವರಿಗೆ ನಿದ್ದೆ ಬಿಟ್ರೆ ಯಾವ ಚಟ ಇದೆ? ನಿನ್ನ ಕಥೆ ಚೆನ್ನಾಗಿ ಕಾಣ್ಲಿ ಅಂತ ನನ್ನ ಗಂಡನ್ನ ಜೂಜಿಗೆ ಕೂರಿಸ್ತೀಯಾ?" ಅಣ್ಣ ಮಾತ್ರ, "ಎಷ್ಟು ಗೆದ್ದೆ ಅಂತ ಬರ್ದಿದೀಯ?" ಎಂದು ಕೇಳಿದ.)

ಠಾಣೆ ಕಟ್ಟಿ ಆಯಿತು. ಇನ್ನು ಕಳ್ಳ ಬರಬೇಕು. ಅತ್ತಿಗೆ ಕುರ್ಚಿಯಲ್ಲಿ ಕೂತು ಕಾದರು. ಲಿಫ್ಟು ಹತ್ತಿತು, ಇಳಿಯಿತು. ಮಾರನೇ ದಿನವೂ ಹತ್ತಿತು, ಇಳಿಯಿತು. ಕಾವಲಿಲ್ಲದಾಗ ದಿನಕ್ಕೊಮ್ಮೆಯಾದರೂ ನಡುವೆ ನಿಲ್ಲುತ್ತಿದ್ದ ಅದೇ ಲಿಫ್ಟು ಈಗ ಹೊಸ ಅಳಿಯನ ಹಾಗೆ ನಡೆದುಕೊಳ್ಳುತ್ತಿತ್ತು. ಕಣ್ಣಲ್ಲಿ ಕಣ್ಣಿಟ್ಟು ಕಾದರೂ ಸೊನ್ನೆ ಬರೆಯಲು ಯಾರೂ ಬರಲಿಲ್ಲ.

ಕಾವಲು ತೆಗೆದರು. ಸಂಜೆಯೊಳಗೆ ನಿಂತಿತು.

ಕಾವಲು ಹಾಕಿದರು. ವಾರಗಟ್ಟಲೆ ನಿಲ್ಲಲಿಲ್ಲ.

"ನಿಮ್ಮನ್ನ ನೋಡಿದ್ರೆ ಅದಕ್ಕೆ ಹೆದರಿಕೆ," ಎಂದ ಚೀಲಪ್ಪ.

ಅತ್ತಿಗೆ ನಗಲಿಲ್ಲ. ಅವರ ಅಂದಾಜು ಬೇರೆ. ಸರದಿ ಒಂದು ಪ್ರೋಗ್ರಾಮಿನಿಂದ ಇನ್ನೊಂದಕ್ಕೆ ಸರಿಯುವಾಗೆಲ್ಲ ಕರ್ನಲ್ ಈ ಕಾವಲುಗಾರರನ್ನು ಮತ್ತೆ ಅವರವರ ಜಾಗದಲ್ಲಿ ನಿಲ್ಲಿಸಬೇಕು. ಅದಕ್ಕೆ ಕಣ್ಣು ಪಿಳುಕಿಸುವುದರ ಸಾವಿರದಲ್ಲೊಂದು ಪಾಲು ತಡವಾಗುತ್ತದೆ. ಮೊದಲು ಆ ಹೊಸ್ತಿಲಲ್ಲಿ ಡಿಕ್ಕಿ ಹೊಡೆಯುತ್ತಿದ್ದ ಇಬ್ಬರು, ಈ ತಡದಿಂದಾಗಿ ಒಬ್ಬರ ಹಿಂದೆ ಒಬ್ಬರು ಹೋಗಿಬಿಡುತ್ತಿರಬೇಕು. ಕಳ್ಳ ಹೆದರಿಲ್ಲ, ಕಾವಲಿಗೆ ಹಚ್ಚಿದ ದೀಪದ ಬೆಳಕಲ್ಲಿ ಎಡವದೆ ನಡೆಯುತ್ತಿದ್ದಾನೆ, ಅಷ್ಟೇ.

"ಅಂದಾಜು," ಎಂದರು. "ಪುರಾವೆ ಇಲ್ಲ. ಅದಕ್ಕೇ ಸಾಕಾಗಿಹೋಗಿದೆ ಕಣೇ. ಗಾಳಿಗೆ ಗುದ್ದಿ ಮೈ ನೋಯಿಸ್ಕೊಂಡ ಹಾಗೆ."

೫

ಈಗ ಮ್ಯಾನೇಜರ್ ಬರಬೇಕು. ಕಥೆಗಳಲ್ಲಿ ಮ್ಯಾನೇಜರುಗಳು ಬರುವುದೇ ಬೈಸಿಕೊಳ್ಳಲು. ನಾನೂ ಅವರಿಗೆ ಬೋಳುತಲೆ, ಬಂಗಾರದ ಹಲ್ಲು ಎಲ್ಲ ಕೊಟ್ಟು ತಯಾರು ಮಾಡಿದ್ದೆ. ಅವರು ಕರಡಿನೊಳಗಿಂದಲೇ ನನ್ನನ್ನು ದುರುಗುಟ್ಟಿ ನೋಡಿದರು. 'ಆ ಆಸ್ಪತ್ರೆಯವರು ದಿನಾ ಬೆಳಿಗ್ಗೆ ಫೋನ್ ಮಾಡೋದು ಯಾರಿಗೆ? ನಿಮ್ಮ ಅತ್ತಿಗೆಗಲ್ಲ. ಮೆಟ್ಟಿಲ ಮೇಲೆ ಸ್ಟ್ರೆಚರ್ ಹೊರೋರ ಬೈಗುಳ ಕೇಳೋನು ನಾನು.' ಹಲ್ಲು ವಾಪಸ್ ತೆಗೆದುಕೊಂಡೆ.

ಆದ ಮಾತು ಹೀಗೆ.

"ಕಾವಲು ಇದ್ರೆ ನಿಲ್ಲಲ್ಲ, ಅಲ್ವಾ?"

"ಇಲ್ಲಿವರೆಗೆ ನಿಂತಿಲ್ಲ."

"ತೆಗೆದ್ರೆ ನಿಲ್ಲುತ್ತೆ."

"ಹೌದು."

"ಹಾಗಿದ್ರೆ ತೆಗೀಬೇಡಿ! ಹಾಗೇ ಆಸ್ಪತ್ರೆ ಲಿಫ್ಟಿಗೆ ಹಾಕಿ."

ಅತ್ತಿಗೆ ಬೇಡ ಎಂದರು ಎಂದು ನೀವು ಊಹಿಸಿದ್ದರೆ ಅದು ನನ್ನ ಅಪ್ಪಣೆಯಿಲ್ಲದೆ ಮಾಡಿದ ಊಹೆ. "ಹಾಕೋಣ," ಎಂದರು. "ಮೆಟ್ಟಿಲಿಗಿಂತ ವಾಸಿ. ನಿಂತ್ರೂ ಬೀಳಲ್ಲ. ನಿಂತ್ರೆ ಯಾರು ಸೊನ್ನೆ ಬರೆದ ಅಂತ ಕಾವಲುಗಾರ ಹೇಳ್ತಾನೆ. ಆದ್ರೆ ದೂರು ಕ್ಲೋಸ್ ಮಾಡಲ್ಲ."

"ಕ್ಲೋಸ್ ಮಾಡದೆ ಹೇಗೆ ಕಳಿಸ್ತೀರಿ? ಕಾರಣ ಏನು ಅಂತ ಬರೀಲಿ?"

"ಗೊತ್ತಿಲ್ಲ ಅಂತ ಬರೀರಿ."

"ಗೊತ್ತಿಲ್ಲ ಅಂತ ಬರೆದು ಆಸ್ಪತ್ರೆಗೆ ಲಿಫ್ಟು ಕೊಡೋಕಾಗುತ್ತೇನ್ರಿ?"

"ಗೊತ್ತಿದೆ ಅಂತ ಬರೆದು ಕೊಡೋಕಾಗುತ್ತಾ?"

ಮ್ಯಾನೇಜರ್ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಅವರಿಗೂ ಸುಸ್ತಾಗಿತ್ತು. ತೆರೆದ ದೂರು ಎಂದರೆ ಪ್ರತಿ ಸೋಮವಾರದ ಮೀಟಿಂಗಿನಲ್ಲಿ ಪರದೆಯ ಮೇಲೆ ಕೆಂಪು ಸಾಲು, ಅದರ ಮುಂದೆ ಅತ್ತಿಗೆಯ ಹೆಸರು, ಅವರ ಮೇಲೆ ಇವರ ಹೆಸರು. ಎದ್ದು ಹೋಗುವಾಗ ಇಷ್ಟೇ ಅಂದರು: "ಅಲ್ಲಿ ಯಾರಾದ್ರೂ ಕೇಳಿದ್ರೆ ಸರಿಯಾಗಿದೆ ಅನ್ನಿ. ಕೈಮುಗೀತೀನಿ."

೬

ಆಸ್ಪತ್ರೆಯ ಲಿಫ್ಟಿನ ಪೆಟ್ಟಿಗೆಗೆ ಹೊಸ ಕರ್ನಲ್ ತುಂಬಿಸಿ, ಮೆಕ್ಯಾನಿಕ್ ಬೀಗ ತೆಗೆದ. ಅತ್ತಿಗೆ ಒಳಗೆ ಹೋಗಿ ಹತ್ತಿ ಇಳಿದು ನೋಡುತ್ತಿದ್ದರು. ಎರಡನೇ ಮಹಡಿಯಲ್ಲಿ ಬಾಗಿಲು ತೆರೆದಾಗ ಹೊರಗೆ ಖಾಲಿ ಸ್ಟ್ರೆಚರ್ ಹಿಡಿದುಕೊಂಡು ಒಬ್ಬ ನರ್ಸ್ ನಿಂತಿದ್ದರು. ಒಳಗೆ ಬರಲಿಲ್ಲ.

"ನೀವು ಲಿಫ್ಟಿನವರಾ?"

"ಹೌದು."

"ಅವತ್ತು ಒಳಗಿದ್ದೋಳು ನಾನೇ."

ಬಾಗಿಲು ಮುಚ್ಚಿಕೊಳ್ಳಲು ಬಂತು. ಅತ್ತಿಗೆ ಕೈ ಅಡ್ಡ ಹಿಡಿದರು.

"ಆ ತಾತ ಒಂದೇ ಸಮ ಕೇಳ್ತಿದ್ರು, ಬಂತಾ ಮಗಾ, ಬಂತಾ ಮಗಾ ಅಂತ," ನರ್ಸ್ ಹೇಳಿದರು. "ನಾನು ಬಂತು ತಾತ, ಬಂದೇಬಿಡ್ತು ಅಂತಿದ್ದೆ. ಡ್ರಿಪ್ ಬಾಟ್ಲಿ ಒಂದು ಕೈಲಿ ಎತ್ತಿ ಹಿಡ್ಕೊಂಡು, ಇನ್ನೊಂದು ಕೈಲಿ ಅವರ ಕೈ ಹಿಡ್ಕೊಂಡು. ಅಷ್ಟೂ ಹೊತ್ತು ಬರೀ ಸುಳ್ಳು. ಅವರಿಗೂ ಗೊತ್ತಾಗಿತ್ತು ಅನ್ಸುತ್ತೆ. ಕೊನೆಕೊನೆಗೆ ನನಗೇ ಸಮಾಧಾನ ಮಾಡೋ ಹಾಗೆ, ಆಯ್ತು ಬಿಡು ಬಂತು ಅಂತ ಅವರೇ ಅಂದ್ರು. ಅದಕ್ಕೇ ಕೇಳ್ತಿದೀನಿ, ನನಗೆ ಸುಳ್ಳು ಗುರುತು ಸಿಗುತ್ತೆ. ಲಿಫ್ಟು ಸರಿಯಾಯ್ತಾ?"

(ಇಲ್ಲಿ ಬರೆಯುವುದನ್ನು ನಿಲ್ಲಿಸಿ ಅತ್ತಿಗೆಯನ್ನು ಕೇಳಿದೆ: 'ಮ್ಯಾನೇಜರ್ ಕೈಮುಗಿದಿದ್ದು ನೆನಪಾಯ್ತಾ?' 'ಆಯ್ತು.' 'ಹೆದರಿಕೆ?' 'ಹೆದರಿಕೆ ಅಲ್ಲ. ಕಾಲು ನೋಯ್ತಿತ್ತು. ಎಲ್ಲಾದ್ರೂ ಕೂತ್ಕೊಂಡು ಹೂಂ ಅಂದುಬಿಡೋಣ ಅನ್ನಿಸ್ತು.')

"ಗೊತ್ತಿಲ್ಲ," ಎಂದರು ಅತ್ತಿಗೆ. "ಸದ್ಯಕ್ಕೆ ನಿಲ್ತಿಲ್ಲ. ಯಾಕೆ ನಿಲ್ತಿತ್ತು ಅನ್ನೋದು ನನಗೆ ಸಿಕ್ಕಿಲ್ಲ. ಒಳಗೆ ಒಂದು ಕಾವಲು ಇಟ್ಟಿದೀನಿ. ಬೀಳಲ್ಲ, ಅದು ಖಂಡಿತ. ನಿಲ್ಲಲ್ಲ ಅಂತ ಮಾತ್ರ ಮಾತು ಕೊಡೋಕಾಗಲ್ಲ."

ನರ್ಸ್ ಅವರ ಮುಖವನ್ನೇ ನೋಡಿದರು.

"ನಿಗಾದಲ್ಲಿದೆ ಅನ್ನಿ."

"ಹೂಂ. ನಿಗಾದಲ್ಲಿದೆ."

"ಹಾಗೆ ಹೇಳಿ ಮತ್ತೆ. ನಾವೂ ರೋಗಿ ಮನೆಯೋರಿಗೆ ಹಾಗೇ ಹೇಳೋದು. ಅವರು ಬೈತಾರೆ, ಆದ್ರೆ ಹೊರಗೆ ಬೆಂಚಿನ ಮೇಲೆ ಕೂತು ಕಾಯ್ತಾರೆ." ಜೇಬಿನಿಂದ ಮಾರ್ಕರ್ ತೆಗೆದು ಸ್ಟ್ರೆಚರನ್ನು ಒಳಗೆ ನೂಕಿಕೊಂಡು ಬಂದರು. "ನಿಗಾದಲ್ಲಿರೋ ಕೇಸಿಗೆ ಡಾಕ್ಟರ್ ನಂಬರ್ ಬೇಕು. ನಿಮ್ಮ ಫೋನ್ ನಂಬರ್ ಹೇಳಿ."

ಗುಂಡಿಗಳ ಪಕ್ಕದ ಉಕ್ಕಿನ ತಗಡಿನ ಮೇಲೆ, ದಪ್ಪ ಅಕ್ಷರಗಳಲ್ಲಿ, ಅವರೇ ಬರೆದರು. ಆಮೇಲೆ ಇಬ್ಬರೂ ಮೇಲೆ ಹೋದರು. ಐದನೇ ಮಹಡಿಯಲ್ಲಿ ಬಾಗಿಲು ತೆರೆದಾಗ ಇಬ್ಬರೂ ಒಟ್ಟಿಗೇ ಉಸಿರು ಬಿಟ್ಟರಂತೆ.

೭

ಅಲ್ಲಿಂದ ಮುಂದೆ ಅತ್ತಿಗೆಗೆ ಫೋನುಗಳು ಬರತೊಡಗಿದವು. ಲಿಫ್ಟು ನಿಂತಿದೆ ಎಂದಲ್ಲ. "ಎಕ್ಸ್‌ರೇ ಯಾವ ಮಹಡೀಲಿ?" "ಫ್ಯಾನ್ ಶಬ್ದ ಮಾಡ್ತಿದೆ." "ನಮ್ಮತ್ತೆ ಡಿಸ್ಚಾರ್ಜ್ ಯಾವಾಗ?" ಮೊದಮೊದಲು ರೇಗುತ್ತಿದ್ದರು. ಈಗ ತರಕಾರಿ ಹೆಚ್ಚುತ್ತಲೇ, "ಎಕ್ಸ್‌ರೇ ಕೆಳಗಡೆ, ಬಲಕ್ಕೆ ತಿರುಗಿ," ಎನ್ನುತ್ತಾರೆ. ತಾವು ಒಂದೇ ಸಲ ನೋಡಿದ ಆಸ್ಪತ್ರೆಯ ಮೂಲೆ ಮೂಲೆ ಈಗ ಅವರಿಗೆ ಬಾಯಿಪಾಠ.

ಕೆಂಪು ಸಾಲು ಸೋಮವಾರದಿಂದ ಸೋಮವಾರಕ್ಕೆ ದಾಟಿತು. ಪ್ರತಿ ಮೀಟಿಂಗಿನಲ್ಲೂ ಅತ್ತಿಗೆ ಅದರ ಮುಂದೆ ಕೂತು ಬೈಸಿಕೊಂಡು ಬರುತ್ತಿದ್ದರು. ಅವರ ಜೊತೆ ಕಂಪನಿ ಸೇರಿದವರೆಲ್ಲ ಹೊಸ ಲಿಫ್ಟಿನ ಕೆಲಸಕ್ಕೆ ಹೋದರು. ಇವರಿಗೆ, ಹಳೆಯದು ಮುಗೀಲಿ ಆಮೇಲೆ ನೋಡೋಣ ಎಂದರು.

ಆಮೇಲೆ ಮ್ಯಾನೇಜರಿಗೆ ವರ್ಗವಾಯಿತು. ಹೋಗುವ ಮುಂಚೆ ತಮ್ಮ ಹೆಸರಿನಲ್ಲಿದ್ದ ಬಾಕಿಗಳನ್ನೆಲ್ಲ ಕೂತು ಮುಚ್ಚಿದರು. ಮುಚ್ಚಲು ಅವರಿಗೆ ಅತ್ತಿಗೆಯ ಒಪ್ಪಿಗೆ ಬೇಕಿರಲಿಲ್ಲ, ಒಂದು ಗುಂಡಿ ಒತ್ತಿದರೆ ಸಾಕಿತ್ತು. ಅವರು ಹೋದ ಮಾರನೇ ದಿನ ಅತ್ತಿಗೆ ಎದೆ ಗಟ್ಟಿ ಮಾಡಿಕೊಂಡು ಪಟ್ಟಿ ತೆಗೆದು ನೋಡಿದರು. ಪಟ್ಟಿಯೆಲ್ಲ ಖಾಲಿ. ಆಸ್ಪತ್ರೆ ಲಿಫ್ಟಿನ ಕೆಂಪು ಸಾಲೊಂದು ಮಾತ್ರ ಹಾಗೇ ಇತ್ತು.

"ಇದನ್ನ ಬರಿ," ಎಂದರು ನನಗೆ. "ಒಂದು ಮಾತೂ ಹೇಳದೆ ಹೋದ್ರು ಮನುಷ್ಯ. ಬರಿ."

ಬರೆದೆ.

ಕೊನೆ

"ಕೊನೆ ಹೇಗೆ ಮಾಡ್ತೀಯ?" ಎಂದು ಅತ್ತಿಗೆಯೇ ಕೇಳಿದರು. ಮೂರು ತಯಾರಿದ್ದವು.

ಒಂದು: ಕಾವಲುಗಾರ ಕಳ್ಳನನ್ನು ಹಿಡಿಯುತ್ತಾನೆ. ಅತ್ತಿಗೆ ಗೋಪುರದ ಕೆಳಗೆ ಅಳುತ್ತಾರೆ.

"ಸುಳ್ಳು. ಹಿಡಿದಿಲ್ಲ. ಹಿಡಿದ್ರೂ ಅಳೋದಿಲ್ಲ, ಮಲಗ್ತೀನಿ."

ಎರಡು: ಲಿಫ್ಟು ಮತ್ತೆ ನಿಲ್ಲುತ್ತದೆ, ಒಳಗೆ ಕಂಪನಿಯ ಮಾಲೀಕರೇ ಇರುತ್ತಾರೆ.

ಇದಕ್ಕೆ ಅಣ್ಣ ಜೋರಾಗಿ ನಕ್ಕ. ಅತ್ತಿಗೆ, "ಅವರು ಮೆಟ್ಟಿಲಲ್ಲೇ ಹೋಗೋದು, ಸಕ್ಕರೆ ಕಾಯಿಲೆ," ಎಂದರು.

ಮೂರು: ಅತ್ತಿಗೆ ರಾಜೀನಾಮೆ ಕೊಡುತ್ತಾರೆ.

ಅತ್ತಿಗೆ ಆ ಹಾಳೆಯನ್ನು ಮಾತ್ರ ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದರು. ಕೆಳಗಿಟ್ಟು, ಲಿಫ್ಟಿಗೆ ಸಂಬಂಧವೇ ಇಲ್ಲದ ದನಿಯಲ್ಲಿ ಹೇಳಿದರು: "ನಿನ್ನೆ ಹೊಸ ಮ್ಯಾನೇಜರ್ ಬಂದ್ರು. ಚಿಕ್ಕ ವಯಸ್ಸಿನ ಹುಡುಗಿ. ಪಟ್ಟಿ ನೋಡಿ ನೇರ ನನ್ನ ಹತ್ರ ಬಂದ್ಲು. ಇದು ಯಾಕೆ ಇಷ್ಟು ದಿನದಿಂದ ತೆರೆದೇ ಇದೆ ಅಂದ್ಲು."

"ನೀವೇನಂದ್ರಿ?"

"ಹೇಳೋಕೆ ಹೊತ್ತು ಹಿಡಿಯುತ್ತೆ ಅಂದೆ."

"ಅದಕ್ಕೆ?"

"ಪಕ್ಕದ ಕುರ್ಚಿ ಎಳ್ಕೊಂಡು ಕೂತ್ಲು."

ಆಮೇಲೆ ಏನಾಯಿತು ಎಂದು ಕೇಳಲು ಬಾಯಿ ತೆರೆದೆ. ಅತ್ತಿಗೆ ಅಷ್ಟರಲ್ಲಿ ಕೂತಲ್ಲೇ ಕಣ್ಣು ಮುಚ್ಚಿದ್ದರು. ಅಣ್ಣ ತುಟಿಯ ಮೇಲೆ ಬೆರಳಿಟ್ಟು ನನಗೆ ಸನ್ನೆ ಮಾಡಿದ. ಅದನ್ನೇ ನಿಮಗೂ ದಾಟಿಸುತ್ತಿದ್ದೇನೆ, ಮೆಲ್ಲಗೆ.